ಒಂದೇ ಓವನ್, 12 ಜನ: ಹಬ್ಬದ ಊಟಕ್ಕೆ ಬನ್, ಆಲೂಗಡ್ಡೆ, ಕೇಕ್ ಎಲ್ಲ ಹೇಗೆ ಹೊಂದಿಸೋದು?

ಒಂದೇಓವನ್:

ಹಬ್ಬಕ್ಕೆ ಇನ್ನು ಹತ್ತು ದಿನ ಇದೆ. ಈ ಸಲ ಎಲ್ಲರೂ ನಮ್ಮ ಮನೆಯಲ್ಲೇ ಸೇರುತ್ತಾರೆ, ಮಕ್ಕಳೂ ಸೇರಿ 12 ಜನ. ಮುಖ್ಯ ಅಡುಗೆಯನ್ನು ಅತ್ತಿಗೆ ಅವರ ಮನೆಯಲ್ಲೇ ಮಾಡಿಕೊಂಡು ಬರುತ್ತಾರೆ. ಅದರ ಜೊತೆಗೆ ಬೇಕಾದದ್ದೆಲ್ಲ ನನ್ನ ತಲೆ ಮೇಲೆ. ಬನ್, ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ, ಓವನ್‌ನಲ್ಲಿ ಹುರಿದ ತರಕಾರಿ, ಬೀನ್ಸ್, ಕೊನೆಗೆ ಒಂದು ಕೇಕ್. ಎಲ್ಲ ಮನೆಯಲ್ಲೇ ಮಾಡಬೇಕು ಅಂತ ಆಸೆ. ಊಟ 1 ಗಂಟೆಗೆ.

ಕಳೆದ ಸಲದ ಕಥೆ ಹೇಳಿಬಿಡುತ್ತೇನೆ, ನಗಬೇಡಿ. ಎಲ್ಲವನ್ನೂ ಬೆಳಿಗ್ಗೆಯೇ ಶುರು ಮಾಡಿದೆ. ಕೇಕ್ ಒಳಗಿದ್ದಾಗಲೇ ಕೆಳಗಿನ ಟ್ರೇಯಲ್ಲಿ ತರಕಾರಿ ಇಟ್ಟೆ, ತರಕಾರಿ ಬೆಂದಿತೋ ಇಲ್ಲವೋ ಅಂತ ಐದು ನಿಮಿಷಕ್ಕೊಮ್ಮೆ ಬಾಗಿಲು ತೆಗೆದೆ, ಕೇಕ್ ನಡುವೆ ಗುಂಡಿ ಬಿತ್ತು. ತರಕಾರಿ ಹುರಿಯಲೇ ಇಲ್ಲ, ನೀರು ಬಿಟ್ಟುಕೊಂಡು ಬೆಂದ ಹಾಗಾಯಿತು. ಬನ್ ಮೇಲೆ ಕರ್ರಗೆ, ಕಚ್ಚಿದರೆ ಕಲ್ಲು. ಆಲೂಗಡ್ಡೆಯನ್ನು ಬೇಗ ಆಗಲಿ ಅಂತ ಮಿಕ್ಸಿಗೆ ಹಾಕಿದೆ, ಅದು ಸೌಟಿನಿಂದ ಬಿಡಲೇ ಇಲ್ಲ, ನಾದಿನಿಯ ಮಗ ಚಮಚ ಎತ್ತಿ ಹಿಡಿದು "ಅತ್ತೆ, ಇದು ಗೋಂದಾ?" ಅಂತ ಎಲ್ಲರೆದುರು ಕೇಳಿದ. ಊಟಕ್ಕೆ ಕೂತಾಗ ಎರಡೂವರೆ.

ನನ್ನ ಪ್ರಶ್ನೆ ಇಷ್ಟು. ಯಾವುದನ್ನು ಹಿಂದಿನ ದಿನವೇ ಮಾಡಿಡಬಹುದು? ಯಾವುದನ್ನು ಕೊನೆ ಗಳಿಗೆಗೆ ಬಿಡಬೇಕು? ಓವನ್ ಒಂದೇ, ಒಳಗೆ ಎರಡು ಟ್ರೇ ಹಿಡಿಯುತ್ತದೆ. ಮೇಲೆ ನಾಲ್ಕು ಬರ್ನರ್ ಇರುವ ಒಲೆ. ಅತ್ತೆ ಮೊಟ್ಟೆ ತಿನ್ನುವುದಿಲ್ಲ, ಹಾಗಾಗಿ ಬನ್ ಮತ್ತು ಕೇಕ್ ಎರಡೂ ಮೊಟ್ಟೆ ಇಲ್ಲದೆ ಆಗಬೇಕು.

ಅರ್ಧಬೆಂದವನು:

ಬನ್ ಅಂಗಡಿಯಿಂದ ತನ್ನಿ. ಆಯ್ತಲ್ಲ, ಒಂದು ಕೆಲಸ ಕಮ್ಮಿ.

ತಮಾಷೆ ಅಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಐದು ಬಗೆಯಲ್ಲಿ ಒಂದನ್ನು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲೇ ಮಾಡಬೇಕು ಅಂತ ಹಟ ಇದ್ದರೆ ಎರಡು ದಿನ ಮೊದಲೇ ಬನ್ ಮಾಡಿ ಫ್ರಿಜ್‌ನಲ್ಲಿಡಿ.

ಹಿಟ್ಟುಕೈ:

ಅಯ್ಯೋ, ಬನ್ ಅನ್ನು ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಬ್ರೆಡ್ ಯಾವುದೇ ಇರಲಿ, ಹೊರಗಿಟ್ಟದ್ದಕ್ಕಿಂತ ಫ್ರಿಜ್‌ನಲ್ಲಿಟ್ಟದ್ದೇ ಬೇಗ ಗಟ್ಟಿಯಾಗುತ್ತದೆ. ಬೆಂದ ಪಿಷ್ಟ ತಣ್ಣಗಾದ ಮೇಲೆ ಮತ್ತೆ ಬಿಗಿದುಕೊಳ್ಳುತ್ತದೆ, ಆ ಕೆಲಸ ಫ್ರಿಜ್‌ನ ತಂಪಿನಲ್ಲಿ ಎಲ್ಲಕ್ಕಿಂತ ಜೋರಾಗಿ ನಡೆಯುತ್ತದೆ. ಮೊದಲೇ ಮಾಡಿಡುವುದಾದರೆ ಪೂರ್ತಿ ಆರಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರ್‌ಗೆ ಹಾಕಿ. ಬೇಕಾದ ದಿನ ಹೊರಗೆ ತೆಗೆದು, ಕರಗಿದ ಮೇಲೆ ಓವನ್‌ನಲ್ಲಿ ಐದಾರು ನಿಮಿಷ ಬಿಸಿ ಮಾಡಿದರೆ ಆಗ ತಾನೇ ಮಾಡಿದ ಹಾಗೆ ಇರುತ್ತದೆ.

ಬೇಯಿಸದ ಹಿಟ್ಟಿನ ಮಾತು ಬೇರೆ. ಅದನ್ನು ಧಾರಾಳವಾಗಿ ಫ್ರಿಜ್‌ನಲ್ಲಿಡಬಹುದು. ನಾನು ಹಬ್ಬದ ಹಿಂದಿನ ರಾತ್ರಿ ಊಟ ಆದ ಮೇಲೆ ನಾದಿ ಇಡುತ್ತೇನೆ. 24 ಸಣ್ಣ ಬನ್‌ಗೆ ನನ್ನ ಲೆಕ್ಕ ಹೀಗಿದೆ: ಮೈದಾ 600 ಗ್ರಾಂ, ಹಾಲು 380 ಮಿ.ಲೀ., ಬೆಣ್ಣೆ 75 ಗ್ರಾಂ, ಸಕ್ಕರೆ 50 ಗ್ರಾಂ, ಉಪ್ಪು 11 ಗ್ರಾಂ, ಇನ್‌ಸ್ಟಂಟ್ ಈಸ್ಟ್ 5 ಗ್ರಾಂ. ಮೊಟ್ಟೆ ಬೇಕಾಗಿಲ್ಲ. ಹಾಲು ಉಗುರುಬೆಚ್ಚಗಿರಲಿ, ಬೆರಳಿಟ್ಟರೆ ಹಿತವಾಗಿರಬೇಕು, ಅಷ್ಟೇ. ಸುಡುವ ಹಾಲು ಹಾಕಿದರೆ ಈಸ್ಟ್ ಸಾಯುತ್ತದೆ, 60 ಡಿಗ್ರಿ ದಾಟಿದರೆ ಅದು ಬದುಕುವುದಿಲ್ಲ. ಬೆಣ್ಣೆಯನ್ನು ಮೊದಲೇ ಹಾಕಬೇಡಿ, ಐದು ನಿಮಿಷ ನಾದಿದ ಮೇಲೆ ಸ್ವಲ್ಪ ಸ್ವಲ್ಪ ಸೇರಿಸಿ. ಆಗ ಹಿಟ್ಟು ಕೈಗೆಲ್ಲ ಮೆತ್ತಿಕೊಂಡು ಕೆಟ್ಟುಹೋಯಿತು ಅನ್ನಿಸುತ್ತದೆ. ಗಾಬರಿಯಾಗಿ ಮೈದಾ ಸುರಿಯಬೇಡಿ, ಎಲ್ಲರೂ ತಪ್ಪುವುದು ಅಲ್ಲೇ. ಇನ್ನೊಂದು ಏಳೆಂಟು ನಿಮಿಷ ನಾದಿದರೆ ತಾನಾಗಿ ಕೈ ಬಿಡುತ್ತದೆ, ಚಿಟಿಕೆಯಷ್ಟು ಹಿಡಿದು ಎಳೆದರೆ ಹರಿಯದೆ ತೆಳ್ಳಗೆ ಪರದೆ ಹಾಗೆ ಬರುತ್ತದೆ. ಅದೇ ಹದ.

ಅರ್ಧ ಗಂಟೆ ಹೊರಗಿಟ್ಟು, ಮುಚ್ಚಿ ಫ್ರಿಜ್‌ಗೆ ಹಾಕಿ. ಪಾತ್ರೆ ದೊಡ್ಡದಿರಲಿ, ರಾತ್ರಿಯಿಡೀ ಉಬ್ಬುತ್ತದೆ. ನಾನೊಮ್ಮೆ ಸಣ್ಣ ಡಬ್ಬಿಯಲ್ಲಿಟ್ಟು ಬೆಳಿಗ್ಗೆ ಫ್ರಿಜ್ ತೆಗೆದರೆ ಮುಚ್ಚಳ ಒಂದು ಕಡೆ, ಹಿಟ್ಟು ಮೊಸರಿನ ಪಾತ್ರೆ ಮೇಲೆ.

ಬೆಳಿಗ್ಗೆ ತಣ್ಣಗಿರುವಾಗಲೇ 46-47 ಗ್ರಾಂನ ಉಂಡೆ ಕಟ್ಟಿ ಟ್ರೇಯಲ್ಲಿ ಪಕ್ಕಪಕ್ಕ ಜೋಡಿಸಿ. ಹಿಟ್ಟು ತಣ್ಣಗಿರುವುದರಿಂದ ಉಬ್ಬಲು ಒಂದೂವರೆ ಎರಡು ಗಂಟೆ ಹಿಡಿಯುತ್ತದೆ. ಗಡಿಯಾರ ನೋಡಿ ತೀರ್ಮಾನ ಮಾಡಬೇಡಿ, ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಕುಳಿ ಥಟ್ಟಂತ ತುಂಬಿಕೊಂಡರೆ ಇನ್ನೂ ಬೇಕು, ನಿಧಾನವಾಗಿ ತುಂಬಿಕೊಂಡರೆ ಒಳಗೆ ಇಡಿ. 190 ಡಿಗ್ರಿಯಲ್ಲಿ 20 ರಿಂದ 22 ನಿಮಿಷ. ಮೇಲೆ ಹೊಳಪಿಗೆ ಹಾಲು ಸವರಿ, ಹೊರಗೆ ಬಂದ ತಕ್ಷಣ ಬೆಣ್ಣೆ ಸವರಿ.

ಒಂದು ವಿಷಯ ಕೇಳಬೇಕಿತ್ತು. ಅತ್ತಿಗೆ ತರುವ ಅಡುಗೆಯನ್ನು ನಿಮ್ಮ ಮನೆಯಲ್ಲಿ ಬಿಸಿ ಮಾಡಬೇಕಲ್ವಾ? ಅದು ಎಲ್ಲಿ? ಓವನ್‌ನಲ್ಲಾ?

ಒಂದೇಓವನ್:

ಇದು ನನಗೆ ಹೊಳೆದೇ ಇರಲಿಲ್ಲ! ಈಗ ಫೋನ್ ಮಾಡಿ ಕೇಳಿದೆ. ಹೌದು, ಓವನ್‌ನಲ್ಲೇ, 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಯಂತೆ. "ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ" ಅಂದರು. ನನ್ನ ಲೆಕ್ಕ ಎಲ್ಲ ಉಲ್ಟಾ ಆಯಿತು.

ಹಿಟ್ಟುಕೈ:

ನೋಡಿದ್ರಾ. ಎಷ್ಟು ಬಗೆ ಮಾಡುತ್ತೀರಿ ಅನ್ನುವುದಕ್ಕಿಂತ ಓವನ್ ಎಷ್ಟು ಹೊತ್ತು ಯಾರ ಕೈಯಲ್ಲಿದೆ ಅನ್ನುವುದು ದೊಡ್ಡ ವಿಷಯ. ಕಳೆದ ಸಲ ನಿಮ್ಮ ಅಡುಗೆ ಕೆಟ್ಟದ್ದು ಕೈಗುಣದಿಂದ ಅಲ್ಲ, 180 ಬೇಕಾದದ್ದನ್ನೂ 220 ಬೇಕಾದದ್ದನ್ನೂ ಒಂದೇ ಡಬ್ಬಿಯೊಳಗೆ ಕೂರಿಸಿದ್ದರಿಂದ. ಒಂದು ಹಾಳೆ ತೆಗೆದುಕೊಂಡು 1 ಗಂಟೆಯಿಂದ ಹಿಂದಕ್ಕೆ ಬರೆಯುತ್ತಾ ಬನ್ನಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಕೇಕ್ ಹಿಂದಿನ ದಿನವೇ ಮುಗಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಹಬ್ಬದ ದಿನ 8:30ಕ್ಕೆ ಉಂಡೆ ಕಟ್ಟಿ, 10:30ಕ್ಕೆ ಬನ್ ಒಳಗೆ, 10:55ಕ್ಕೆ ಹೊರಗೆ. ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಡಿ, ಬನ್ ಕಾಯುತ್ತದೆ, ತರಕಾರಿ ಕಾಯುವುದಿಲ್ಲ. 11:30ಕ್ಕೆ ಅತ್ತಿಗೆಯ ಪಾತ್ರೆ, ಫಾಯಿಲ್ ಮುಚ್ಚಿ. 12:15ಕ್ಕೆ ಅದನ್ನು ಹೊರಗೆ ತೆಗೆದು ಫಾಯಿಲ್ ಬಿಚ್ಚದೆ ಮೇಲೊಂದು ಟವೆಲ್ ಹೊದಿಸಿದರೆ ದೊಡ್ಡ ಪಾತ್ರೆ ಮುಕ್ಕಾಲು ಗಂಟೆ ಬಿಸಿ ಹಿಡಿದುಕೊಳ್ಳುತ್ತದೆ. ನಡುವೆ ಒಂದು ಚಮಚ ತೂರಿಸಿ ನೋಡಿ, ಒಳಗೂ ಹಬೆ ಬರುವಷ್ಟು ಬಿಸಿಯಾಗಿರಬೇಕು, ಅಂಚು ಮಾತ್ರ ಬಿಸಿಯಾದರೆ ಸಾಲದು. ಆಮೇಲೆ ಓವನ್ 220ಕ್ಕೆ ಏರಿಸಿ, 12:25ಕ್ಕೆ ತರಕಾರಿ, 12:55ಕ್ಕೆ ಹೊರಗೆ. ಓವನ್ ಆರಿಸಿ ಆ ಬಿಸಿಯಲ್ಲೇ ಬನ್ ಅನ್ನು ನಾಲ್ಕೈದು ನಿಮಿಷ ಇಡಿ.

ತಾಪ ಕೆಳಗಿನಿಂದ ಮೇಲಕ್ಕೆ ಹೋಗುವ ಹಾಗೆ ಜೋಡಿಸುವುದು ಸುಲಭ. ಏರಿಸುವುದಕ್ಕೆ ಹತ್ತು ನಿಮಿಷ ಸಾಕು, 220ರಿಂದ ಇಳಿಸಬೇಕಾದರೆ ಬಾಗಿಲು ತೆಗೆದು ನಿಂತುಕೊಳ್ಳಬೇಕು. ಬನ್‌ನಿಂದ ಪಾತ್ರೆಗೆ ಹತ್ತು ಡಿಗ್ರಿ ಇಳಿಯುವುದೇನೂ ಲೆಕ್ಕಕ್ಕಿಲ್ಲ.

ಮೂರನೇಒಲೆ:

ಆಲೂಗಡ್ಡೆ ಮತ್ತು ಬೀನ್ಸ್ ವಿಷಯ ನನಗೆ ಬಿಡಿ, ಇವೆರಡಕ್ಕೂ ಓವನ್ ಬೇಡ.

ಮೊದಲು ಆ ಗೋಂದಿನ ಕಾರಣ. ಆಲೂಗಡ್ಡೆಯ ಒಳಗೆ ಪಿಷ್ಟ ಪುಟ್ಟ ಪುಟ್ಟ ಕೋಶಗಳಲ್ಲಿ ಇರುತ್ತದೆ. ಮೆಲ್ಲಗೆ ಹಿಸುಕಿದರೆ ಕೋಶಗಳು ಒಂದರಿಂದ ಒಂದು ಬಿಡಿಸಿಕೊಳ್ಳುತ್ತವೆ, ಮಿಕ್ಸಿಯ ಬ್ಲೇಡ್ ಅವನ್ನು ಕತ್ತರಿಸಿಬಿಡುತ್ತದೆ, ಪಿಷ್ಟವೆಲ್ಲ ಹೊರಗೆ ಸುರಿಯುತ್ತದೆ. ಒಮ್ಮೆ ಹಾಗಾದ ಮೇಲೆ ಸರಿ ಮಾಡಲು ಆಗುವುದಿಲ್ಲ, ಎಷ್ಟು ಬೆಣ್ಣೆ ಸುರಿದರೂ ಅಷ್ಟೇ. ಹುಡುಗ ಸರಿಯಾಗೇ ಕೇಳಿದ್ದಾನೆ 😀

12 ಜನಕ್ಕೆ 2 ಕೆ.ಜಿ. ಸಾಕು, ಬೇರೆ ಬಗೆಗಳೂ ಇವೆಯಲ್ಲ. ಬೇಯಿಸಿದರೆ ಹಿಟ್ಟು ಹಿಟ್ಟಾಗುವ ಜಾತಿ ನೋಡಿ ತನ್ನಿ, ಬೆಂದರೂ ಗಟ್ಟಿಯಾಗಿ ನಿಲ್ಲುವ ಮೇಣದಂಥದ್ದು ಇದಕ್ಕೆ ಬೇಡ. ಹಿಂದಿನ ರಾತ್ರಿ ಸಿಪ್ಪೆ ತೆಗೆದು, ಹೋಳು ಮಾಡಿ, ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಬಹುದು, ಕಪ್ಪಾಗುವುದಿಲ್ಲ. ಬೇಯಿಸುವಾಗ ತಣ್ಣೀರಿನಿಂದಲೇ ಶುರು ಮಾಡಿ, ಉಪ್ಪು ಹಾಕಿ. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಕರಗಿ ಒಳಗೆ ಹಸಿ ಉಳಿಯುತ್ತದೆ. ಬೆಂದ ಮೇಲೆ ನೀರು ಬಸಿದು, ಅದೇ ಪಾತ್ರೆಗೆ ಮರಳಿ ಹಾಕಿ ಸಣ್ಣ ಉರಿಯಲ್ಲಿ ಒಂದು ನಿಮಿಷ ಆಡಿಸಿ. ಹೋಳಿನ ಅಂಚು ಬೆಳ್ಳಗೆ ಪುಡಿ ಮೆತ್ತಿದ ಹಾಗೆ ಕಾಣುತ್ತದೆ, ಪಾತ್ರೆಯ ತಳದಲ್ಲಿ ಸಣ್ಣಗೆ ಚುರ್ ಅನ್ನುವ ಸದ್ದು. ಆಗ ಇಳಿಸಿ. ಈ ಒಂದು ನಿಮಿಷವನ್ನು ಬಿಟ್ಟವರ ಆಲೂಗಡ್ಡೆ ಯಾವಾಗಲೂ ನೀರು ನೀರು.

ಬಿಸಿ ಇದ್ದಾಗಲೇ ಹಿಸುಕಿ, ಮೊದಲು ಬೆಣ್ಣೆ (ನಾನು 180 ಗ್ರಾಂ ಹಾಕುತ್ತೇನೆ, ಹಬ್ಬ ಅಲ್ವಾ), ಆಮೇಲೆ ಬಿಸಿ ಹಾಲು ಸುಮಾರು 300 ಮಿ.ಲೀ., ಹದ ನೋಡಿಕೊಂಡು. ತಣ್ಣನೆ ಹಾಲು ಸುರಿದರೆ ಇಡೀ ಪಾತ್ರೆ ಆರಿಹೋಗುತ್ತದೆ. ಇದನ್ನು 12 ಗಂಟೆಗೇ ಮುಗಿಸಿಬಿಡಿ. ಕುದಿಯದೆ ಬರೀ ಹಬೆಯಾಡುವ ನೀರಿನ ಪಾತ್ರೆ ಮೇಲೆ ಕೂರಿಸಿ, ಮುಚ್ಚಳದ ಕೆಳಗೆ ಒಂದು ಒಣ ಬಟ್ಟೆ ಹಾಕಿ ಮುಚ್ಚಿ, ಇಲ್ಲದಿದ್ದರೆ ಹಬೆ ನೀರಾಗಿ ಮೇಲೆ ತೊಟ್ಟಿಕ್ಕುತ್ತದೆ. ಒಂದು ಗಂಟೆ ಹಾಗೇ ಇರುತ್ತದೆ. ಬಡಿಸುವ ಮುಂಚೆ ಒಂದು ಸೌಟು ಬಿಸಿ ಹಾಲು ಸೇರಿಸಿ ಒಮ್ಮೆ ತಿರುವಿ.

ಬೀನ್ಸ್ ಹಿಂದಿನ ದಿನ. ದೊಡ್ಡ ಪಾತ್ರೆಯಲ್ಲಿ ಉಪ್ಪು ನೀರು ಚೆನ್ನಾಗಿ ಕುದಿಸಿ, ಮುಚ್ಚಳ ಹಾಕದೆ 3-4 ನಿಮಿಷ, ತಕ್ಷಣ ಐಸ್ ನೀರಿಗೆ. ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿಸಿ ಡಬ್ಬಿಯಲ್ಲಿಡಿ. ಬಡಿಸುವ ಹೊತ್ತಿಗೆ ಬಾಣಲೆಯಲ್ಲಿ ಬೆಣ್ಣೆ, ಬೆಳ್ಳುಳ್ಳಿ, ಎರಡು ನಿಮಿಷ. ನಿಂಬೆರಸ ಒಲೆ ಆರಿಸಿದ ಮೇಲೆ ಮಾತ್ರ, ಹುಳಿ ಬಿದ್ದ ಸ್ವಲ್ಪ ಹೊತ್ತಿಗೆ ಹಸಿರು ಮಂಕಾಗುತ್ತದೆ.

ಹುರಿಯುವ ತರಕಾರಿಗೆ ಒಂದೇ ಮಾತು: ಒಂದು ಟ್ರೇಯಲ್ಲಿ ಗುಡ್ಡೆ ಹಾಕಬೇಡಿ. ಎರಡು ಟ್ರೇ ಮಾಡಿ, ಹೋಳುಗಳ ನಡುವೆ ಜಾಗ ಕಾಣಲಿ. ಒತ್ತೊತ್ತಾಗಿ ಇದ್ದರೆ ಬಿಟ್ಟ ನೀರು ಹಬೆಯಾಗಿ ಅಲ್ಲೇ ಸುತ್ತುತ್ತದೆ, ನಿಮಗೆ ಆದದ್ದು ಅದೇ. 15 ನಿಮಿಷಕ್ಕೆ ಮೇಲಿನ ಟ್ರೇ ಕೆಳಗೆ, ಕೆಳಗಿನದು ಮೇಲೆ.

ತಕ್ಕಡಿ:

ಕೇಕ್ ಬಗ್ಗೆ ಯಾರೂ ಹೇಳಿಲ್ಲ. ಎಷ್ಟು ಅಗಲದ ಟಿನ್ ಇದೆ ನಿಮ್ಮ ಹತ್ತಿರ?

ಒಂದೇಓವನ್:

25 ಸೆಂ.ಮೀ.ನ ಗುಂಡನೆಯದು. ನನ್ನ ಹತ್ತಿರ ಇರುವ ಅಳತೆಗಳೆಲ್ಲ 20 ಸೆಂ.ಮೀ.ಗೆ. ಕಾಲು ಭಾಗ ಜಾಸ್ತಿ ಹಾಕಿದರೆ ಸಾಕಲ್ವಾ?

ತಕ್ಕಡಿ:

ಸಾಲದು. ಎಲ್ಲರೂ ಅಗಲ ನೋಡಿ ಮೋಸ ಹೋಗುತ್ತಾರೆ. 20 ಸೆಂ.ಮೀ. ಟಿನ್‌ನ ತಳ ಸುಮಾರು 314 ಚದರ ಸೆಂ.ಮೀ., 25ರದ್ದು 491. ಅಂದರೆ ಒಂದೂವರೆ ಪಾಲಿಗಿಂತ ಸ್ವಲ್ಪ ಜಾಸ್ತಿ. ಒಂದೂವರೆ ಪಾಲು ಮಾಡಿ, ಸರಿಹೋಗುತ್ತದೆ.

ಮೊಟ್ಟೆ ಇಲ್ಲದೆ ನಾನು ನಂಬುವುದು ಮೊಸರಿನ ಕೇಕ್. ನಿಮ್ಮ ಟಿನ್‌ಗೆ ಲೆಕ್ಕ ಮಾಡಿ ಹೇಳುತ್ತೇನೆ: ಮೈದಾ 285 ಗ್ರಾಂ, ಸಕ್ಕರೆ 225 ಗ್ರಾಂ, ಗಟ್ಟಿ ಮೊಸರು 360 ಗ್ರಾಂ, ವಾಸನೆ ಇಲ್ಲದ ಎಣ್ಣೆ 180 ಮಿ.ಲೀ., ಬೇಕಿಂಗ್ ಪೌಡರ್ ಎರಡು ಟೀ ಚಮಚಕ್ಕೆ ಸ್ವಲ್ಪ ಕಮ್ಮಿ, ಅಡುಗೆ ಸೋಡ ಮುಕ್ಕಾಲು ಟೀ ಚಮಚ, ವೆನಿಲ್ಲಾ, ಚಿಟಿಕೆ ಉಪ್ಪು. ಮೊಸರು ಸಕ್ಕರೆ ಕಲಸಿ, ಸಕ್ಕರೆ ಕರಗಿದ ಮೇಲೆ ಸೋಡ ಮತ್ತು ಪೌಡರ್ ಹಾಕಿ ಐದು ನಿಮಿಷ ಬಿಡಿ. ಮೊಸರಿನ ಹುಳಿಗೆ ಸೋಡ ಸೇರಿ ಮೇಲೆಲ್ಲ ಗುಳ್ಳೆ ಏಳುತ್ತದೆ. ಗುಳ್ಳೆ ಬರಲಿಲ್ಲ ಅಂದರೆ ಸೋಡ ಹಳತು ಅಂತ ಅರ್ಥ, ಅಲ್ಲೇ ನಿಲ್ಲಿಸಿ ಹೊಸದು ತನ್ನಿ. ಆಮೇಲೆ ಎಣ್ಣೆ, ವೆನಿಲ್ಲಾ, ಕೊನೆಗೆ ಉಪ್ಪು ಬೆರೆಸಿದ ಮೈದಾ. ಮೈದಾ ಹಾಕಿದ ಮೇಲೆ ಜಾಸ್ತಿ ತಿರುವಬೇಡಿ, ಒಣ ಹಿಟ್ಟು ಕಾಣದಿದ್ದರೆ ಸಾಕು. 180ರಲ್ಲಿ ಸುಮಾರು 40-45 ನಿಮಿಷ, ಮೊದಲ ಅರ್ಧ ಗಂಟೆ ಬಾಗಿಲು ತೆಗೆಯುವಂತಿಲ್ಲ. ಕೇಕ್ ಉಬ್ಬಿರುತ್ತದೆ, ಆದರೆ ಅದನ್ನು ಹಿಡಿದು ನಿಲ್ಲಿಸುವ ಗೋಡೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಆಗ ತಣ್ಣನೆ ಗಾಳಿ ಹೊಕ್ಕರೆ ಕುಸಿಯುತ್ತದೆ. ನಿಮ್ಮ ಗುಂಡಿಗೆ ಅದೇ ಕಾರಣ.

ಎಣ್ಣೆಯ ಕೇಕ್ ಮರುದಿನ ಇನ್ನೂ ಚೆನ್ನಾಗಿರುತ್ತದೆ. ಬೆಣ್ಣೆ ಕೇಕ್ ತಂಪಿಗೆ ಗಟ್ಟಿಯಾಗುತ್ತದೆ, ಎಣ್ಣೆ ಹಾಗೆ ಹೆಪ್ಪುಗಟ್ಟುವುದಿಲ್ಲವಲ್ಲ.

ಇನ್ನೊಂದು. ಬನ್ ಕಲ್ಲಾಯಿತು, ಮೇಲೆ ಕಪ್ಪಾಯಿತು ಅಂದಿದ್ದೀರಿ. ನಿಮ್ಮ ಓವನ್ ಮೇಲೆ ನನಗೆ ಅನುಮಾನ. ಗುಂಡಿಯಲ್ಲಿ ಬರೆದ ತಾಪ ಒಳಗೆ ಇರಲೇಬೇಕು ಅಂತೇನಿಲ್ಲ. ಒಳಗಿಡುವ ಥರ್ಮಾಮೀಟರ್ ಇದ್ದರೆ ನೋಡಿ. ಇಲ್ಲದಿದ್ದರೆ ಸಕ್ಕರೆ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಓವನ್ 180ಕ್ಕೆ ಚೆನ್ನಾಗಿ ಕಾಯಿಸಿ, ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಇಟ್ಟು 15 ನಿಮಿಷ ಬಿಡಿ. ಹರಳು ಹರಳಾಗೇ ಉಳಿಯಬೇಕು. 190ಕ್ಕೆ ಏರಿಸಿ ಇನ್ನೊಂದು 15 ನಿಮಿಷ, ಆಗ ಕರಗಬೇಕು.

ಅರ್ಧಬೆಂದವನು:

ಫ್ಯಾನ್ ಇರುವ ಓವನ್ ಆದರೆ ಎಲ್ಲದಕ್ಕೂ 20 ಡಿಗ್ರಿ ಕಮ್ಮಿ ಇಟ್ಟುಕೊಳ್ಳಿ. ಇದು ನನಗೂ ಗೊತ್ತು 😀 ಬನ್ ಮಾತ್ರ ನಾನು ಈಗಲೂ ಅಂಗಡಿಯದ್ದೇ ಅನ್ನುತ್ತೇನೆ.

ಒಂದೇಓವನ್:

ಎರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಸಕ್ಕರೆ ಪರೀಕ್ಷೆ ಮಾಡಿದೆ. 180ಕ್ಕೇ, 15 ನಿಮಿಷ ಆಗುವ ಮೊದಲೇ, ಸಕ್ಕರೆ ಅಂಚಿನಿಂದ ಕಂದು ಬಣ್ಣದ ಪಾಕವಾಗಿ ಹರಿಯುತ್ತಾ ಇತ್ತು. ಇಷ್ಟು ವರ್ಷ ನನ್ನ ಕೈಯನ್ನೇ ಬೈದುಕೊಂಡಿದ್ದೆ! ಗುಂಡಿಯನ್ನು 160ರ ಹತ್ತಿರ ಇಟ್ಟಾಗ ಹರಳು ಉಳಿಯಿತು, 170ಕ್ಕೆ ಕರಗಿತು. ಅಂದರೆ ಸುಮಾರು 20 ಡಿಗ್ರಿ ಜಾಸ್ತಿ ಕಾಯುತ್ತದೆ ಅಂತ ಲೆಕ್ಕ ಅಲ್ವಾ?

ಹಿಟ್ಟುಕೈ ಹೇಳಿದ ಬನ್ ಅರ್ಧ ಅಳತೆಯಲ್ಲಿ ಮಾಡಿ ನೋಡಿದೆ, ಗುಂಡಿ 170ಕ್ಕೆ ಇಟ್ಟು. ಬೆಣ್ಣೆ ಹಾಕಿದ ಕೂಡಲೇ ಹಿಟ್ಟು ಕೈಗೆ ಮೆತ್ತಿ ಭಯ ಆಯಿತು. ಮೈದಾ ಡಬ್ಬಕ್ಕೆ ಕೈ ಹಾಕಿದವಳು ನಿಮ್ಮ ಮಾತು ನೆನಪಾಗಿ ಸುಮ್ನೆ ನಾದಿದೆ. ಬಂತು. 12 ಬನ್‌ನಲ್ಲಿ ಮಗಳು ಒಬ್ಬಳೇ ಐದು ತಿಂದಳು, ಹಬ್ಬದ ದಿನ 24 ಸಾಲುತ್ತದಾ ಅಂತ ಈಗ ಹೊಸ ಚಿಂತೆ.

ತಕ್ಕಡಿ:

ಲೆಕ್ಕ ಸರಿ. ತರಕಾರಿಗೂ ಗುಂಡಿ 200ಕ್ಕೆ ಇಟ್ಟರೆ ಸಾಕು, ಆದರೆ ಹೆಚ್ಚಿನ ತಾಪದಲ್ಲಿ ವ್ಯತ್ಯಾಸ ಅಷ್ಟೇ ಇರುತ್ತದೆ ಅಂತ ನಂಬಬೇಡಿ, 20 ನಿಮಿಷಕ್ಕೆ ಒಮ್ಮೆ ಗಾಜಿನಿಂದ ನೋಡಿ. ಕೇಕ್‌ಗೆ 160.

ಹಿಟ್ಟುಕೈ:

24 ಸಾಲುತ್ತದೆ, ಬೇರೆ ಬಗೆಗಳೂ ಇವೆ. ಭಯ ಇದ್ದರೆ ಈ ವಾರವೇ ಇನ್ನೊಂದು ಹನ್ನೆರಡು ಮಾಡಿ ಫ್ರೀಜರ್‌ನಲ್ಲಿಡಿ. ಮಗಳಿಗೆ ಎಲ್ಲಿಟ್ಟಿದ್ದೀರಿ ಅಂತ ಹೇಳಬೇಡಿ. ಮತ್ತೆ ಅತ್ತಿಗೆಯ ಪಾತ್ರೆ ನಿಮ್ಮ ಓವನ್‌ನಲ್ಲಿ ಹಿಡಿಸುತ್ತದಾ ಅಂತ ಅಳತೆ ಕೇಳಿಕೊಳ್ಳಿ.

ಒಂದೇಓವನ್:

ಕೇಳಿದೆ. 38 ಸೆಂ.ಮೀ. ಅಂದರು. ನನ್ನ ಓವನ್ ಒಳಗೆ 40 ಇದೆ. ಸಮಾಧಾನವಾಗಿ ಫೋನ್ ಇಟ್ಟ ಮೇಲೆ ಹೊಳೆಯಿತು, ಅದರ ಎರಡೂ ಬದಿಗೆ ಹಿಡಿ ಇದೆ. ಹಿಡಿ ಸೇರಿಸಿ ಅಳೆದ್ರಾ ಅಂತ ಮೆಸೇಜ್ ಹಾಕಿದ್ದೇನೆ, ನೋಡಿದ್ದಾರೆ, ಇನ್ನೂ ಉತ್ತರ ಬಂದಿಲ್ಲ.